ಹೆಸ್ಟರಳ ಸೂಜಿ

ಕೇಳುಗರೇ, ನಮಸ್ಕಾರ.

ಅವಮಾನಪಡಿಸಲೆಂದು ಹೇರಿದ ಅಕ್ಷರಕ್ಕೆ ಚಿನ್ನದ ಎಳೆಯ ಕಸೂತಿ ಹಾಕಿ, ಅದನ್ನು ಎದೆಯ ಮೇಲೆ ಧರಿಸಿ, ಕೈಗೂಸನ್ನೆತ್ತಿಕೊಂಡು ಹೆಂಗಸೊಬ್ಬಳು ಸೆರೆಮನೆಯಿಂದ ಹೊರಗೆ ಬರುತ್ತಾಳೆ. ನಥಾನಿಯಲ್ ಹಾಥಾರ್ನ್ 1850ರಲ್ಲಿ ಪ್ರಕಟಿಸಿದ ‘ದಿ ಸ್ಕಾರ್ಲೆಟ್ ಲೆಟರ್’ ಕಾದಂಬರಿಯ ಹೆಸ್ಟರ್ ಪ್ರಿನ್ ಅವಳು. ಊರು 1640ರ ದಶಕದ, ಅಮೆರಿಕದ ಬಾಸ್ಟನ್. ಅಲ್ಲಿನ ಪ್ಯೂರಿಟನ್ನರಿಗೆ, ಅಂದರೆ ಕಟ್ಟುನಿಟ್ಟಿನ ಕ್ರೈಸ್ತ ಪಂಥದವರಿಗೆ, ಧರ್ಮವೂ ಕಾನೂನೂ ಬೇರೆಬೇರೆಯಲ್ಲ.

ಅವಳ ಎದೆಯ ಮೇಲಿನ ಕೆಂಪು ‘ಎ’ ಹಾದರದ ಗುರುತು. ಆದರೆ ‘ಅಡಲ್ಟರಿ’ ಎಂಬ ಆ ಪದವನ್ನು ಹಾಥಾರ್ನ್ ಕಾದಂಬರಿಯಲ್ಲಿ ಒಮ್ಮೆಯೂ ಬಳಸುವುದಿಲ್ಲ. ಅಕ್ಷರ ನ್ಯಾಯಾಧೀಶರದು, ಅದರ ಅಂದ ಮಾತ್ರ ಹೆಸ್ಟರಳ ಸೂಜಿಯದು. ಮುಂದೆ ಅವಳನ್ನು ಸಾಕುವುದೂ ಆ ಸೂಜಿಯೇ. ರಾಜ್ಯಪಾಲನ ಕೊರಳಪಟ್ಟಿ, ಹಸುಳೆಯ ಕುಲಾವಿ, ಕಡೆಗೆ ಶವದ ಹೊದಿಕೆಯ ಮೇಲೂ ಅವಳದೇ ಹೊಲಿಗೆ. ಮದುಮಗಳ ಮುಸುಕು ಮಾತ್ರ ಅವಳ ಕೈಗೆ ಎಂದೂ ಬರುವುದಿಲ್ಲ. ಈ ಒಂದು ವಿವರ ನನ್ನನ್ನು ಬಹಳ ದಿನ ಕಾಡಿದೆ.

ಮಗುವಿನ ತಂದೆ ಪಾದ್ರಿ ಡಿಮ್ಸ್‌ಡೇಲ್. ಅವಳು ಶಿಕ್ಷೆಯ ಕಟ್ಟೆಯ ಮೇಲೆ ನಿಂತಿರುವಾಗ, ತಂದೆಯ ಹೆಸರು ಹೇಳೆಂದು ಮೇಲಿನ ಮೊಗಸಾಲೆಯಿಂದ ಬೋಧಿಸುವವನೂ ಅವನೇ. ಅವನ ಸಂಕಟ ಸುಳ್ಳಲ್ಲ. ಎದೆಯ ಮೇಲೆ ಕೈಯಿಟ್ಟುಕೊಂಡೇ ಸವೆಯುತ್ತಾನೆ. ಆದರೂ ಆ ಏಳು ವರ್ಷಗಳ ಮೌನವನ್ನು ಕ್ಷಮಿಸಲು ನನಗೆ ಮನಸ್ಸಾಗುವುದಿಲ್ಲ. ಹೆಸ್ಟರಳ ಗಂಡ ಚಿಲ್ಲಿಂಗ್‌ವರ್ತ್ ಎಂಬ ಸುಳ್ಳು ಹೆಸರಿನಿಂದ ವೈದ್ಯನಾಗಿ ಬಂದು, ಈ ಪಾದ್ರಿಯ ಜೊತೆಗೇ ವಾಸಿಸುತ್ತಾನೆ. ಹಳೆಯ ಇಂಗ್ಲಿಷಿನಲ್ಲಿ ವೈದ್ಯನಿಗೂ ಜಿಗಣೆಗೂ ‘ಲೀಚ್’ ಎಂಬ ಒಂದೇ ಪದ. ಹಾಥಾರ್ನ್ ಆ ಪದವನ್ನೇ ಅಧ್ಯಾಯದ ಹೆಸರಾಗಿಸಿದ್ದಾನೆ.

ಒಂದು ರಾತ್ರಿ ಆಕಾಶದಲ್ಲಿ ಉಲ್ಕೆಯ ಬೆಳಕು ‘ಎ’ ಆಕಾರದಲ್ಲಿ ಹೊಳೆಯುತ್ತದೆ. ಪಾದ್ರಿ ಅದರಲ್ಲಿ ತನ್ನ ಪಾಪವನ್ನು ಕಾಣುತ್ತಾನೆ. ಅದೇ ರಾತ್ರಿ ರಾಜ್ಯಪಾಲ ವಿನ್‌ತ್ರಾಪ್ ತೀರಿಕೊಂಡಿರುವುದರಿಂದ, ಊರವರು ಅದನ್ನು ‘ಏಂಜೆಲ್’, ದೇವದೂತ ಎಂದು ಓದುತ್ತಾರೆ. ರೋಗಿಗಳ ಹಾಸಿಗೆಯ ಬಳಿ ಹೆಸ್ಟರಳನ್ನು ಕಂಡ ಜನ ಅವಳ ಅಕ್ಷರವನ್ನೂ ‘ಏಬಲ್’, ಸಮರ್ಥೆ ಎಂದು ಬದಲಿಸಿ ಓದುತ್ತಾರೆ. ನಮ್ಮ ಭಾಷೆಯಲ್ಲಿ ಅಕ್ಷರವೆಂದರೆ ನಾಶವಿಲ್ಲದ್ದು. ಇಲ್ಲಿ ಅಕ್ಷರ ಹಾಗೇ ಉಳಿದು, ತೀರ್ಪು ಕರಗುತ್ತ ಹೋಗುತ್ತದೆ.

ಕಾಡಿನ ದೃಶ್ಯವನ್ನು ಹೇಳಲೇಬೇಕು. ಹೆಸ್ಟರ್ ಅಕ್ಷರವನ್ನು ಕಿತ್ತೆಸೆದು, ಕೂದಲು ಬಿಚ್ಚಿ, ಏಳು ವರ್ಷಗಳ ಬಳಿಕ ನಗುತ್ತಾಳೆ. ತೊರೆಯ ಆಚೆ ನಿಂತ ಮಗಳು ಪರ್ಲ್ ಬಳಿಗೆ ಬರಲೊಲ್ಲಳು. ಬೆರಳು ತೋರಿಸಿ ಚೀರುತ್ತಾಳೆ. ಹುಟ್ಟಿದಂದಿನಿಂದ ಅವಳು ಕಂಡ ತಾಯಿಗೆ ಆ ಅಕ್ಷರವೂ ಒಂದು ಅಂಗ. ತಾಯಿ ಅದನ್ನು ಎತ್ತಿ ಮತ್ತೆ ಧರಿಸುತ್ತಾಳೆ.

ಕೊನೆಗೆ ಪಾದ್ರಿ ಹಗಲಿನಲ್ಲಿ, ಜನರೆದುರು, ಅದೇ ಕಟ್ಟೆಯನ್ನೇರಿ ಸಾಯುತ್ತಾನೆ. ತಾಯಿ ಮಗಳು ಊರು ಬಿಡುತ್ತಾರೆ. ಎಷ್ಟೋ ವರ್ಷಗಳ ನಂತರ ಹೆಸ್ಟರ್ ಒಬ್ಬಳೇ ಕಡಲ ತಡಿಯ ಹಳೆಯ ಗುಡಿಸಲಿಗೆ ಮರಳುತ್ತಾಳೆ. ಈಗ ಬಲವಂತಪಡಿಸುವವರು ಯಾರೂ ಇಲ್ಲ. ಆದರೂ ಎದೆಯ ಮೇಲೆ ಅದೇ ಅಕ್ಷರ. ಮನಸ್ಸು ನೊಂದ ಹೆಂಗಸರು ಒಬ್ಬೊಬ್ಬರಾಗಿ ಅವಳ ಬಾಗಿಲಿಗೆ ಬಂದು, ತಮ್ಮ ಕಷ್ಟ ಹೇಳಿಕೊಳ್ಳುತ್ತಾರೆ.