ಡಬ್ಬ ಬದಲಿಸುವ ಮೊದಲು ಬಾಗಿಲು ಬಿಚ್ಚಿ ನೋಡಿ

ನಮಸ್ಕಾರ. ಕಂಪನಿಯಿಂದಲೇ ಬಂದ ಕಾರ್ ಸ್ಟೀರಿಯೊದ ಧ್ವನಿ ಚೆನ್ನಾಗಿಲ್ಲ ಎಂದು ಬೇಸರಪಟ್ಟವರಲ್ಲಿ ಹೆಚ್ಚಿನವರು ಮೊದಲು ಕೈಹಾಕುವುದು ಡ್ಯಾಶ್‌ಬೋರ್ಡಿನ ನಡುವೆ ಕೂತಿರುವ ಹೆಡ್ ಯೂನಿಟ್ಟಿಗೆ. ಅದು ದಿನವೂ ಕಣ್ಣಿಗೆ ಬೀಳುವ, ಬೆರಳಿಗೆ ಸಿಗುವ ಭಾಗವಾದ್ದರಿಂದ ತಪ್ಪೆಲ್ಲ ಅದರದೇ ಎಂದು ಅನ್ನಿಸುವುದು ಸಹಜ. ನನ್ನ ಅಭಿಪ್ರಾಯ ಇದಕ್ಕೆ ತೀರ ವಿರುದ್ಧವಾದುದು. ಇಂದಿನ ಕಾರುಗಳಲ್ಲಿ ಹೆಡ್ ಯೂನಿಟ್ ಎಲ್ಲಕ್ಕಿಂತ ಕೊನೆಗೆ ಮುಟ್ಟಬೇಕಾದ ಭಾಗ. ಮೊದಲು ಮುಟ್ಟಬೇಕಾದದ್ದು ಸ್ಪೀಕರುಗಳು ಕೂತಿರುವ ಮುಂದಿನ ಎರಡು ಬಾಗಿಲುಗಳನ್ನು. ಹಿಂದಿನ ಬಾಗಿಲುಗಳನ್ನಂತೂ ಮುಟ್ಟದೇ ಬಿಟ್ಟರೂ ನಡೆಯುತ್ತದೆ.

ಇದನ್ನು ನಾನು ಕೈಸುಟ್ಟುಕೊಂಡೇ ಕಲಿತೆ. ನನ್ನ ಮೊದಲ ಕಾರಿಗೆ ದೊಡ್ಡ ಪರದೆಯ ಹೊಸ ಯೂನಿಟ್ ಹಾಕಿಸಿದೆ. ಅದರ ಪೆಟ್ಟಿಗೆಯ ಮೇಲೆ ದಪ್ಪಕ್ಷರಗಳಲ್ಲಿ 50 ವ್ಯಾಟ್, ನಾಲ್ಕು ಚಾನೆಲ್ ಎಂದು ಅಚ್ಚಾಗಿತ್ತು. ಮೊದಲ ಸಂಜೆ ಹೊಸದರ ಹುರುಪಿನಲ್ಲಿ ಧ್ವನಿ ಬದಲಾಗಿದೆ ಎಂದೇ ಅನ್ನಿಸಿತು. ವಾರ ಕಳೆಯುವಷ್ಟರಲ್ಲಿ ಅದೇ ಹಳೆಯ ಗೊಗ್ಗರು ದನಿಯನ್ನು ಹೊಸ ಪರದೆಯ ಮುಂದೆ ಕೂತು ಕೇಳುತ್ತಿದ್ದೇನೆ ಎಂಬುದು ಖಚಿತವಾಯಿತು.

ಆ 50ರ ಲೆಕ್ಕವನ್ನು ಒಮ್ಮೆ ಬಿಡಿಸಿ ನೋಡೋಣ. ಎಂಜಿನ್ ಓಡುತ್ತಿರುವಾಗ ಕಾರಿನಲ್ಲಿ ಸಿಗುವುದು ಸುಮಾರು 14.4 ವೋಲ್ಟ್. ಹೆಡ್ ಯೂನಿಟ್ಟಿನೊಳಗಿನ ಸಿಗ್ನಲಿಗೆ ಬಲ ತುಂಬುವ ಪುಟ್ಟ ಆಂಪ್ಲಿಫೈಯರ್ ಚಿಪ್, ಅಂದರೆ ಐಸಿ, ಸಾಮಾನ್ಯವಾಗಿ ಅಷ್ಟರಲ್ಲೇ ಕೆಲಸ ಮುಗಿಸಬೇಕು. 14.4ರ ವರ್ಗವನ್ನು ಸ್ಪೀಕರಿನ 4 ಓಮ್‌ನಿಂದ ಭಾಗಿಸಿದರೆ 51.8 ವ್ಯಾಟ್ ಬರುತ್ತದೆ. ಪೆಟ್ಟಿಗೆಯ ಮೇಲಿನ ಸಂಖ್ಯೆ ಹುಟ್ಟುವುದು ಅಲ್ಲಿಂದ. ಆದರೆ ಸಂಗೀತದ ಅಲೆಯ ತಲೆ ಕತ್ತರಿಸಿ ಅದನ್ನು ಚೌಕಾಕಾರಕ್ಕೆ ತಂದಾಗ ಮಾತ್ರ, ಅಂದರೆ ಕಿವಿ ಸಹಿಸದಷ್ಟು ಧ್ವನಿ ಒಡೆದಾಗ ಮಾತ್ರ, ಅಷ್ಟು ವ್ಯಾಟ್ ಸಿಗುತ್ತದೆ. ಅಲೆಯ ಆಕಾರ ಕೆಡದಂತೆ ನೋಡಿಕೊಂಡರೆ ಲೆಕ್ಕ 26 ವ್ಯಾಟಿಗೆ ಇಳಿಯುತ್ತದೆ, ಐಸಿಯೊಳಗಿನ ನಷ್ಟವನ್ನೂ ಕಳೆದರೆ ಉಳಿಯುವುದು 20ರ ಆಸುಪಾಸು. ಕಂಪನಿ ಕೊಟ್ಟ ಹಳೆಯ ಯೂನಿಟ್ಟಿನಲ್ಲಿ ಇದ್ದದ್ದೂ ಹೆಚ್ಚುಕಡಿಮೆ ಅಷ್ಟೇ. ಆದ್ದರಿಂದ ಯಾವ ಉಪಕರಣವನ್ನೇ ಕೊಳ್ಳುವಾಗಲೂ ಗರಿಷ್ಠ ವ್ಯಾಟ್ ಎಂಬ ಸಾಲನ್ನು ಬಿಟ್ಟು ಆರ್‌ಎಂಎಸ್ ಎಂದು ಬರೆದಿರುವ, ಅಂದರೆ ಒಂದೇ ಸಮನೆ ಕೊಡಬಲ್ಲ ವ್ಯಾಟನ್ನು ಹೇಳುವ, ಸಣ್ಣಕ್ಷರದ ಸಾಲನ್ನು ಓದಿರಿ.

ಕೊನೆಗೆ ಒಂದು ರಜೆಯ ದಿನ ಚಾಲಕನ ಬದಿಯ ಬಾಗಿಲಿನ ಒಳಹೊದಿಕೆಯಾದ ಡೋರ್ ಪ್ಯಾಡನ್ನು ಕಳಚಿದೆ. ಒಳಗೆ ಕಪ್ಪು ಅಂಟಿನಿಂದ ಮೆತ್ತಿದ ತೆಳ್ಳನೆಯ ಪ್ಲಾಸ್ಟಿಕ್ ಹಾಳೆ. ಅದನ್ನು ಸರಿಸಿದರೆ ಕಿಟಕಿಯ ಮೋಟಾರನ್ನು ರಿಪೇರಿ ಮಾಡಲೆಂದು ಬಿಟ್ಟ, ಇಡೀ ಕೈ ತೂರುವಷ್ಟು ದೊಡ್ಡ ರಂಧ್ರಗಳು. ಸ್ಪೀಕರಿಗೆ ಪ್ಲಾಸ್ಟಿಕ್ ಚೌಕಟ್ಟು, ಕಾಗದದ ಕೋನ್, ಹಿಂಬದಿಗೆ ದೊಡ್ಡ ನಾಣ್ಯದಷ್ಟು ಅಗಲದ ಮ್ಯಾಗ್ನೆಟ್. ಹೊರಗಿನ ತಗಡನ್ನು ಬೆರಳ ಗೆಣ್ಣಿನಿಂದ ತಟ್ಟಿದಾಗ ಖಾಲಿ ಡಬ್ಬ ಬಾರಿಸಿದಂತೆ ಸದ್ದಾಯಿತು, ಮತ್ತು ಆ ಸದ್ದು ಬೆರಳು ತೆಗೆದ ಮೇಲೂ ಸ್ವಲ್ಪ ಹೊತ್ತು ಉಳಿಯಿತು. ಇಷ್ಟು ದಿನ ನಾನು ಹಾಡಿನ ಜೊತೆಗೆ ಕೇಳುತ್ತಿದ್ದ ಗೊಗ್ಗರು ಯಾವುದೆಂದು ತಿಳಿಯಲು ಅಷ್ಟು ಸಾಕಾಗಿತ್ತು.

ಸ್ಪೀಕರಿನ ಕೋನ್ ಮುಂದಕ್ಕೆ ಗಾಳಿಯನ್ನು ನೂಕುವಾಗ ಅದರ ಬೆನ್ನಿನ ಕಡೆ ಗಾಳಿ ಸೆಳೆದುಕೊಳ್ಳುತ್ತದೆ. ಮುಂದಿನ ಅಲೆ ಮತ್ತು ಹಿಂದಿನ ಅಲೆ ಒಂದಕ್ಕೊಂದು ತದ್ವಿರುದ್ಧ. 60 ಹರ್ಟ್ಸ್‌ನ ಮಂದ್ರಧ್ವನಿಯ ಒಂದು ಅಲೆಯ ಉದ್ದ ಸುಮಾರು 5.7 ಮೀಟರ್. ಇಷ್ಟುದ್ದದ ಅಲೆಗೆ ಬಾಗಿಲಿನ ರಂಧ್ರದ ಮೂಲಕ ಸುತ್ತಿ ಬರುವುದು ಒಂದು ದೂರವೇ ಅಲ್ಲ, ಹೀಗಾಗಿ ಹಿಂದಿನದು ಮುಂದಿನದನ್ನು ಸೇರಿ ಎರಡೂ ಬಹುಪಾಲು ಅಳಿಸಿಹೋಗುತ್ತವೆ. ನಾವು ಬೇಸ್, ಅಂದರೆ ಈ ಮಂದ್ರಧ್ವನಿ, ಇಲ್ಲವೆಂದು ಅದಕ್ಕೆಂದೇ ಇರುವ ದೊಡ್ಡ ಸ್ಪೀಕರಾದ ಸಬ್‌ವೂಫರ್ ಕೊಳ್ಳಲು ಹೊರಡುತ್ತೇವೆ. ಇದ್ದ ಬೇಸ್ ಬಾಗಿಲೊಳಗೇ ಸೋರಿಹೋಗುತ್ತಿರುತ್ತದೆ.

ನಾನು ಮಾಡಿದ್ದು ಇಷ್ಟೇ. ಹೊರತಗಡಿನ ಒಳಮೈಗೆ ಅಲ್ಯೂಮಿನಿಯಂ ಹೊದಿಕೆಯ ಬ್ಯುಟೈಲ್ ಡ್ಯಾಂಪಿಂಗ್ ಶೀಟನ್ನು (ತಗಡಿನ ಅದುರುವಿಕೆ ತಗ್ಗಿಸುವ ರಬ್ಬರ್ ಹಾಳೆ) ರೋಲರಿನಿಂದ ಒತ್ತಿ ಅಂಟಿಸಿದೆ, ದೊಡ್ಡ ರಂಧ್ರಗಳನ್ನು ಗಟ್ಟಿ ಹಲಗೆಯಿಂದ ಮುಚ್ಚಿದೆ, ಸ್ಪೀಕರಿನ ಸುತ್ತ ಸ್ಪಂಜಿನ ಉಂಗುರವೊಂದನ್ನು ಕೂರಿಸಿದೆ. ಸ್ಪೀಕರನ್ನು ಬದಲಿಸಲಿಲ್ಲ. ಒಂದೇ ಬಾಗಿಲಿಗೆ ಇದನ್ನು ಮಾಡಿ, ಬ್ಯಾಲೆನ್ಸನ್ನು ಅತ್ತಿತ್ತ ತಿರುಗಿಸುತ್ತಾ ಎರಡು ಬಾಗಿಲುಗಳನ್ನು ಹೋಲಿಸಿ ಕೇಳಿದಾಗ, ಅದೇ ಕಾಗದದ ಸ್ಪೀಕರಿನಿಂದ ಒಂದು ಬದಿಯಲ್ಲಿ ಡ್ರಮ್ಮಿನ ಪೆಟ್ಟು ಕೇಳುತ್ತಿತ್ತು, ಇನ್ನೊಂದು ಬದಿಯಲ್ಲಿ ಬರೀ ಡಬ್ಬದ ಸದ್ದು. ಆದರೆ ಎರಡು ಎಚ್ಚರಿಕೆಗಳನ್ನು ಹೇಳಲೇಬೇಕು. ಬಾಗಿಲಿನ ತಳದಲ್ಲಿ ಮಳೆನೀರು ಇಳಿದುಹೋಗಲು ಬಿಟ್ಟಿರುವ ಸಂದುಗಳನ್ನು ಮುಚ್ಚಿದರೆ ತಗಡು ಒಳಗಿನಿಂದ ತುಕ್ಕು ಹಿಡಿಯುತ್ತದೆ. ಇನ್ನು ಕೆಲವು ಕಾರುಗಳಲ್ಲಿ ಪಕ್ಕದಿಂದ ಬೀಳುವ ಹೊಡೆತವನ್ನು ಗುರುತಿಸಿ ಏರ್‌ಬ್ಯಾಗ್ ಬಿಚ್ಚಿಸುವ ಒತ್ತಡದ ಸೆನ್ಸರ್ ಬಾಗಿಲೊಳಗೇ ಇರುತ್ತದೆ. ಅಂತಹ ಬಾಗಿಲಿನೊಳಗಿನ ಗಾಳಿಯ ಏರ್ಪಾಡನ್ನು ಬದಲಿಸುವುದು ಹುಡುಗಾಟವಲ್ಲ, ಸರ್ವಿಸ್ ಮ್ಯಾನ್ಯುಯಲ್ ನೋಡದೆ ಕೈಹಾಕಬೇಡಿ.

ಸ್ಪೀಕರ್ ಬದಲಿಸುವ ಸರದಿ ಇದಾದ ಮೇಲೆ. ಇಲ್ಲಿ ಸೂಕ್ಷ್ಮ ಸಂಗತಿಯೊಂದಿದೆ. ಕಂಪನಿಯ ಸ್ಪೀಕರ್ ಬಡಕಲಾದರೂ ಹಗುರವಾದುದು, ಕಡಿಮೆ ವ್ಯಾಟಿಗೂ ಅದು ಚುರುಕಾಗಿ ಕೂಗುತ್ತದೆ. ಭಾರವಾದ ಕೋನಿನ ದುಬಾರಿ ಸ್ಪೀಕರ್ ತಂದು ಅದೇ 20 ವ್ಯಾಟಿನ ಯೂನಿಟ್ಟಿಗೆ ಜೋಡಿಸಿದರೆ ದನಿ ಮೊದಲಿಗಿಂತ ಸಣ್ಣದಾಗುವುದೂ ಉಂಟು. ಸಂವೇದನೆಯಲ್ಲಿ, ಅಂದರೆ ಅಷ್ಟೇ ವ್ಯಾಟಿಗೆ ಎಷ್ಟು ಗಟ್ಟಿಯಾಗಿ ಕೂಗುತ್ತದೆ ಎಂಬುದರಲ್ಲಿ, 3 ಡೆಸಿಬೆಲ್ ಕಡಿಮೆ ಇರುವ ಸ್ಪೀಕರಿನಿಂದ ಅಷ್ಟೇ ಗಟ್ಟಿಯಾದ ಧ್ವನಿ ಹೊರಡಿಸಲು ಎರಡರಷ್ಟು ವ್ಯಾಟ್ ಬೇಕು. ಪ್ರತ್ಯೇಕ ಆಂಪ್ಲಿಫೈಯರಿನ ಅಗತ್ಯ ಬೀಳುವುದು ಈ ಕಾರಣಕ್ಕೆ. ಕಾರು ಅದುರುವಂತೆ ಹಾಡು ಹಾಕಿ ಬೀದಿಯವರನ್ನೆಲ್ಲ ಎಬ್ಬಿಸುವುದಕ್ಕಲ್ಲ.

ಆಂಪ್ಲಿಫೈಯರ್ ಹಾಕಿಸುವಾಗ ಬ್ಯಾಟರಿಯಿಂದ ಎಳೆದ ಪವರ್ ವೈರಿಗೆ ಬ್ಯಾಟರಿಯ ಬಳಿಯಲ್ಲೇ, ಹೆಚ್ಚೆಂದರೆ 45 ಸೆಂಟಿಮೀಟರಿನೊಳಗೆ, ಫ್ಯೂಸ್ ಇದೆಯೇ ಎಂದು ನಿಮ್ಮ ಕಣ್ಣಾರೆ ನೋಡಿರಿ. ಆ ಫ್ಯೂಸ್ ಇರುವುದು ಆಂಪ್ಲಿಫೈಯರನ್ನು ಕಾಯಲು ಅಲ್ಲ, ವೈರ್ ಎಲ್ಲಾದರೂ ಉಜ್ಜಿ ತಗಡಿಗೆ ತಾಗಿದರೆ ಕಾರಿಗೆ ಬೆಂಕಿ ಬೀಳದಂತೆ ತಡೆಯಲು. ತಾಮ್ರದ ಲೇಪವಷ್ಟೇ ಇರುವ ಅಲ್ಯೂಮಿನಿಯಂ ವೈರನ್ನು ತಾಮ್ರದ್ದೆಂದು ಸಾಗಹಾಕುವವರಿದ್ದಾರೆ. ತುದಿಯನ್ನು ಚಾಕುವಿನಿಂದ ಕೆರೆದರೆ ಒಳಗಿನ ಬಿಳುಪು ಕಾಣುತ್ತದೆ. ಆಂಪ್ಲಿಫೈಯರಿನ ಗೇನ್ ತಿರುಪು ವಾಲ್ಯೂಮ್ ಅಲ್ಲ. ಅದು ಯೂನಿಟ್ಟಿನಿಂದ ಬರುವ ಸಿಗ್ನಲಿಗೆ ಆಂಪ್ಲಿಫೈಯರನ್ನು ಹೊಂದಿಸುವ ತಿರುಪು, ಅದನ್ನು ಕೊನೆಯವರೆಗೂ ತಿರುಗಿಸಿ ಕೊಟ್ಟವರು ಕೆಲಸ ಬಲ್ಲವರಲ್ಲ.

ಇನ್ನೊಂದು ತೊಡಕು ನಾವು ಕೂರುವ ಜಾಗದ್ದು. ಚಾಲಕನ ಪಕ್ಕದ ಸ್ಪೀಕರಿಗಿಂತ ಆಚೆ ಬದಿಯ ಸ್ಪೀಕರ್ ಅರ್ಧ ಮೀಟರ್ ದೂರವಿದ್ದರೆ, ಅದರ ಧ್ವನಿ ಸುಮಾರು ಒಂದೂವರೆ ಮಿಲಿಸೆಕೆಂಡ್ ತಡವಾಗಿ ತಲುಪುತ್ತದೆ. ಕೇಳುವುದಕ್ಕೆ ಏನೇನೂ ಅಲ್ಲದ ಹೊತ್ತು; ಆದರೂ ಹಾಡುವವರ ದನಿ ಎದುರಿನ ಗಾಜಿನ ನಡುವಿನಿಂದ ಬಾರದೆ ಮೊಣಕಾಲಿನ ಪಕ್ಕದಿಂದ ಬಂದಂತೆ ತೋರುವುದು ಮುಖ್ಯವಾಗಿ ಇದರಿಂದಲೇ. ಡಿಎಸ್‌ಪಿ ಎಂಬ ಉಪಕರಣ ಹತ್ತಿರದ ಸ್ಪೀಕರನ್ನು ಅಷ್ಟೇ ಹೊತ್ತು ತಡೆದು ಎರಡನ್ನೂ ಒಟ್ಟಿಗೆ ಕಿವಿಗೆ ಮುಟ್ಟಿಸುತ್ತದೆ. ನನ್ನನ್ನು ಕೇಳಿದರೆ, ಡಿಕ್ಕಿಯ ಅರ್ಧ ಜಾಗ ನುಂಗುವ ಸಬ್‌ವೂಫರಿಗಿಂತ ಮೊದಲು ಇದಕ್ಕೆ ಹಣ ಹಾಕಬೇಕು.

ಹಾಗಾದರೆ ಹೆಡ್ ಯೂನಿಟ್? 1930ರಲ್ಲಿ ಪಾಲ್ ಗ್ಯಾಲ್ವಿನ್ ಅವರ ಕಂಪನಿ ಮೊಟರೋಲಾ ಹೆಸರಿನಲ್ಲಿ ಕಾರ್ ರೇಡಿಯೊ ಮಾರಲು ತೊಡಗಿದಾಗ ಅದು ಹೊರಗಿನಿಂದ ತಂದು ಕಾರಿಗೆ ಕೂರಿಸುವ ವಸ್ತುವಾಗಿತ್ತು. ಮುಂದೆ 180ಕ್ಕೆ 50 ಮಿಲಿಮೀಟರಿನ ಡಿನ್ ಎಂಬ ಜರ್ಮನ್ ಮಾನಕದ ಅಳತೆ ರೂಢಿಗೆ ಬಂದಮೇಲೆ ಒಂದನ್ನು ಎಳೆದು ಇನ್ನೊಂದನ್ನು ತೂರಿಸುವುದು ಅರ್ಧ ಗಂಟೆಯ ಕೆಲಸವಾಗಿತ್ತು. ಈಗ ಆ ಕಾಲ ಮುಗಿದಿದೆ. ಹಿಂಬದಿಯ ಕ್ಯಾಮೆರಾ, ಎಸಿಯ ಗುಂಡಿಗಳು, ಸ್ಟೀರಿಂಗಿನ ಸ್ವಿಚ್‌ಗಳು, ಸೀಟ್ ಬೆಲ್ಟಿನ ಎಚ್ಚರಿಕೆಯ ಗಂಟೆ, ಇವೆಲ್ಲ ಕ್ಯಾನ್ ಎಂಬ, ಕಾರಿನ ಭಾಗಗಳನ್ನು ಬೆಸೆಯುವ ವೈರ್ ಜಾಲದ ಮೂಲಕ ಅದೇ ಯೂನಿಟ್ಟಿನೊಡನೆ ಮಾತನಾಡುವ ಕಾರುಗಳು ಹೆಚ್ಚಿವೆ. ಯೂನಿಟ್ ಕಿತ್ತರೆ ಅವುಗಳಲ್ಲಿ ಕೆಲವು ಮೂಕವಾಗುತ್ತವೆ, ಅಡಾಪ್ಟರ್ ಹಾಕಿದರೂ ಎಲ್ಲವೂ ಮರಳುವುದಿಲ್ಲ. ಕಂಪನಿಯ ಯೂನಿಟ್ಟಿಗೂ ಒಂದು ಕಪಟವಿದೆ ಎಂಬುದನ್ನು ಒಪ್ಪಿಕೊಳ್ಳಬೇಕು: ವಾಲ್ಯೂಮ್ ಏರಿಸಿದಂತೆ ತನ್ನ ಬಡಪಾಯಿ ಸ್ಪೀಕರ್ ಹರಿಯದಿರಲೆಂದು ಹಲವು ಯೂನಿಟ್‌ಗಳು ಬೇಸನ್ನು ಸದ್ದಿಲ್ಲದೆ ತಗ್ಗಿಸುತ್ತವೆ. ಸಿಗ್ನಲನ್ನು ಅಳೆದು ಈ ಕಡಿತವನ್ನು ಸರಿದೂಗಿಸುವ ಡಿಎಸ್‌ಪಿಗಳಿವೆ. ಅದಕ್ಕೇ ಡ್ಯಾಶ್‌ಬೋರ್ಡನ್ನು ಇದ್ದಂತೆಯೇ ಬಿಟ್ಟು, ಅದರ ಹಿಂದಿನಿಂದ ಕೆಲಸ ಮಾಡಿಸಿಕೊಳ್ಳುವ ದಾರಿಯನ್ನು ನಾನು ಹೇಳುತ್ತಿರುವುದು. ವೈರ್ ಕತ್ತರಿಸಿ ಟೇಪ್ ಸುತ್ತುವವರಿಗೆ ಕಾರು ಕೊಡಬೇಡಿ. ವೈರ್ ಕತ್ತರಿಸದೆ, ಅದರ ತುದಿಯ ಕಪ್ಲರಿಗೆ ಕಪ್ಲರ್ ಜೋಡಿಸಿದರೆ ಕಾರು ಮಾರುವ ದಿನ ಎಲ್ಲವನ್ನೂ ಬಿಚ್ಚಿ, ಮೊದಲಿನ ಸ್ಪೀಕರುಗಳನ್ನು ಮರಳಿ ಕೂರಿಸಬಹುದು.

ಹಿಂದಿನ ಸ್ಪೀಕರುಗಳ ವಿಷಯ ಚಿಕ್ಕದು. ಮುಂದೆ ಕೂತು ಕೇಳುವವರಿಗೆ ಅವು ಹೆಚ್ಚಾಗಿ ಧ್ವನಿಯನ್ನು ಹಿಂದಕ್ಕೆ ಎಳೆಯುತ್ತವೆ ಅಷ್ಟೇ, ಮುಂದೆ-ಹಿಂದೆ ಧ್ವನಿ ಹಂಚುವ ಫೇಡರಿನಲ್ಲಿ ತಗ್ಗಿಸಿಬಿಡಿ.

ಈ ವಾರಾಂತ್ಯದಲ್ಲಿ ಡೋರ್ ಪ್ಯಾಡ್ ಬಿಚ್ಚಲು ಹೊರಡುವವರಿಗೆ ಒಂದು ಮಾತು. ಅದನ್ನು ಹಿಡಿದಿಟ್ಟಿರುವ ಪ್ಲಾಸ್ಟಿಕ್ ಕ್ಲಿಪ್‌ಗಳಲ್ಲಿ ಎರಡು ಮೂರಾದರೂ ಮೊದಲ ಎಳೆತಕ್ಕೇ ಮುರಿಯುತ್ತವೆ, ಆದ್ದರಿಂದ ನಿಮ್ಮ ಕಾರಿನ ಅಳತೆಯ ಐದಾರು ಕ್ಲಿಪ್‌ಗಳನ್ನು ಮೊದಲೇ ತಂದಿಟ್ಟುಕೊಳ್ಳಿ. ಇಲ್ಲದಿದ್ದರೆ ಅಷ್ಟೆಲ್ಲ ಕಷ್ಟಪಟ್ಟು ಬಾಯಿ ಮುಚ್ಚಿಸಿದ ಬಾಗಿಲಿನ ಮೇಲೆ ಪ್ಯಾಡೇ ಗಡಗಡ ಎನ್ನತೊಡಗುತ್ತದೆ.