ಬೆನ್ನು ಡೊಂಕಾದರೆ ಆಪರೇಷನ್ನೇ ಗತಿಯೇ?

ಕೇಳುಗರಿಗೆ ನಮಸ್ಕಾರ.

ಕೋಲಾರದ ಮಾರುಕಟ್ಟೆಯಲ್ಲಿ 15 ಕೆಜಿ ಟೊಮೆಟೊ ಬಾಕ್ಸು ಎತ್ತಿ ಇಳಿಸುವವರಿಗೆ ಸೊಂಟನೋವು ಹೊಸದೇನಲ್ಲ. ಆದರೆ 50 ದಾಟಿದ ಕೆಲವರಲ್ಲಿ ನೋವಿನ ಜೊತೆ ಇನ್ನೊಂದು ಲಕ್ಷಣವೂ ಕಾಣುತ್ತದೆ. ಎಷ್ಟು ಸರಿಮಾಡಿದರೂ ಸೀರೆಯ ಅಂಚು ಒಂದು ಕಡೆ ಮೇಲೇ ನಿಲ್ಲುತ್ತದೆ. ಅಳತೆ ತೆಗೆಯುವ ಟೈಲರ್ "ನಿಮ್ಮ ಎಡಭುಜ ಇಳಿದಿದೆಯಲ್ಲ" ಎನ್ನುತ್ತಾನೆ. ಎಕ್ಸ್‌ರೇ ತೆಗೆಸಿದರೆ ಬೆನ್ನುಮೂಳೆ ಪಕ್ಕಕ್ಕೆ ವಾಲಿರುತ್ತದೆ. ಇದೇ ಸ್ಕೋಲಿಯೋಸಿಸ್. ಫಿಲ್ಮು ಕೈಗೆ ಬಂದ ಕೂಡಲೇ ಮನೆಮಂದಿಗೆಲ್ಲ ಆಪರೇಷನ್ ಭಯ.

ವಾಲಿಕೆಯನ್ನು ಡಿಗ್ರಿಯಲ್ಲಿ ಅಳೆಯುತ್ತಾರೆ. ಅಮೆರಿಕದ ಮೂಳೆವೈದ್ಯ ಜಾನ್ ಕಾಬ್ 1948ರಲ್ಲಿ ವಿವರಿಸಿದ ಅಳತೆ ಅದು. 10 ಡಿಗ್ರಿ ಮೀರಿದರೆ ಸ್ಕೋಲಿಯೋಸಿಸ್ ಎಂದು ಲೆಕ್ಕ. ಹರೆಯದಲ್ಲೇ ಶುರುವಾದ ಡೊಂಕು 30 ಡಿಗ್ರಿಯ ಒಳಗಿದ್ದರೆ, ಬೆಳವಣಿಗೆ ನಿಂತ ಮೇಲೆ ಸಾಮಾನ್ಯವಾಗಿ ಹೆಚ್ಚುವುದಿಲ್ಲ. ಇನ್ನೊಂದು ಬಗೆ, ವಯಸ್ಸಾದಂತೆ ಡಿಸ್ಕು, ಕೀಲುಗಳು ಸವೆದು ಬರುವಂಥದ್ದು. ಇದು ಹೆಚ್ಚಾಗಿ ಸೊಂಟದ ಭಾಗದಲ್ಲಿ.

ದೊಡ್ಡವರ ಬೆನ್ನನ್ನು ವ್ಯಾಯಾಮವಾಗಲಿ, ಬೆಲ್ಟಾಗಲಿ ನೆಟ್ಟಗೆ ಮಾಡಲಾರದು. ಮಾಡುತ್ತೇವೆಂದು ಹೇಳುವವರ ಹತ್ತಿರ ದುಡ್ಡು ಕೊಡಬೇಡಿ. ಆದರೆ ಡೊಂಕು ಹಾಗೇ ಇದ್ದರೂ ನೋವು ಇಳಿಯಬಹುದು, ನಡಿಗೆ ಸುಧಾರಿಸಬಹುದು. ನಾವು ಕೇಳಬೇಕಾದ್ದು ಅದನ್ನೇ.

ಮೊದಲನೆಯದು ವ್ಯಾಯಾಮ. ಚಾಪೆಯ ಮೇಲೆ ಅಂಬೆಗಾಲಿನ ಭಂಗಿಯಲ್ಲಿ ನಿಲ್ಲಿ. ಬಲಗೈ ಮುಂದಕ್ಕೆ, ಎಡಗಾಲು ಹಿಂದಕ್ಕೆ ಚಾಚಿ. ಸೊಂಟ ಕುಸಿಯಬಾರದು, ಉಸಿರು ಕಟ್ಟಬಾರದು. ಐದು ಎಣಿಸಿ ಇಳಿಸಿ, ಮತ್ತೆ ಇನ್ನೊಂದು ಬದಿ. ನೋಡಲು ಸುಲಭ, ಮಾಡಿದಾಗ ಗೊತ್ತಾಗುತ್ತದೆ! ಮೂಳೆ ಟೊಳ್ಳಾಗಿ ಬಲ ಕಳೆದುಕೊಂಡವರು ಯೋಗದಲ್ಲಿ ಆಳವಾಗಿ ಮುಂದೆ ಬಾಗುವುದು, ಬೆನ್ನು ತಿರುಚುವುದು ಬೇಡ. ನಡೆದರೆ ಕಾಲು ಸೆಳೆದು, ಕೂತರೆ ಹಿತವೆನಿಸುವವರು ಸೈಕಲ್ ತುಳಿದು ನೋಡಿ. ಮುಂದೆ ಬಾಗಿದಾಗ ನರದ ದಾರಿ ಸ್ವಲ್ಪ ಅಗಲವಾಗುತ್ತದೆ. ಜರ್ಮನಿಯ ಕತರೀನಾ ಶ್ರೋತ್ ರೂಪಿಸಿದ ಉಸಿರಾಟ ಸಹಿತ ವ್ಯಾಯಾಮ ಪದ್ಧತಿಯೂ ಇದೆ. ಅದಕ್ಕೆ ತರಬೇತಾದ ಫಿಸಿಯೋಥೆರಪಿಸ್ಟ್ ಬೇಕು.

ಬೆಲ್ಟು ನೋವು ಕೆರಳಿದ ಕೆಲ ದಿನಕ್ಕೆ ಸಾಕು. ದಿನವಿಡೀ ಕಟ್ಟಿಕೊಂಡರೆ ಸ್ನಾಯು ಸೋಮಾರಿಯಾಗುತ್ತದೆ. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ನೋವಿನ ಮಾತ್ರೆ ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆ, ಕಿಡ್ನಿ ಎರಡಕ್ಕೂ ಪೆಟ್ಟು. ಬಿಪಿ ಇರುವವರಿಗೆ ಇನ್ನೂ ಅಪಾಯ. ಕಾಲಿಗಿಳಿಯುವ ನೋವಿಗೆ ಬೆನ್ನಿನ ನರದ ಬಳಿ ಸ್ಟಿರಾಯ್ಡ್ ಇಂಜೆಕ್ಷನ್ ಕೊಡುವುದುಂಟು. ಕೆಲ ವಾರಗಳೋ ತಿಂಗಳುಗಳೋ ಆರಾಮ ಸಿಗಬಹುದು. ಸಕ್ಕರೆ ಕಾಯಿಲೆ ಇದ್ದರೆ ಮೊದಲೇ ಹೇಳಿ, ಕೆಲ ದಿನ ಶುಗರ್ ಏರುತ್ತದೆ. ಇನ್ನು ನಮ್ಮ ಕಡೆಯವರು ಮೂಳೆ ಎಂದ ಕೂಡಲೇ ಆಂಧ್ರದ ಪುತ್ತೂರಿಗೆ, ಅಲ್ಲಿನ ನಾಟಿ ಮೂಳೆಕಟ್ಟಿಗೆ ಬಸ್ಸು ಹತ್ತುತ್ತಾರೆ. ಅದು ಮುರಿದ ಮೂಳೆಗೆ ಹೆಸರಾದದ್ದು, ಇಲ್ಲಿ ಯಾವುದೂ ಮುರಿದಿಲ್ಲ.

ಮೂಳೆಯ ಬಲವನ್ನೂ ನೋಡಬೇಕು. ಮುಟ್ಟು ನಿಂತ ಹೆಂಗಸರು ಮೂಳೆ ಸಾಂದ್ರತೆ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಿ. ಊಟದ ಮಟ್ಟಿಗೆ ನಾವು ಅದೃಷ್ಟವಂತರು, 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ನೀರಿನ ಮಟ್ಟಿಗೆ ಅಲ್ಲ. ಬಾಗೇಪಲ್ಲಿ, ಪಾವಗಡದಂಥ ಕಡೆ ಆಳದ ಬೋರ್‌ವೆಲ್ಲುಗಳಲ್ಲಿ ಫ್ಲೋರೈಡ್ ಹೆಚ್ಚು. ವರ್ಷಗಟ್ಟಲೆ ಕುಡಿದರೆ ಬೆನ್ನು ಬಿಗಿದು ನೋಯುವುದು ಅದರಿಂದಲೂ ಆಗಬಹುದು. ಎಲ್ಲವನ್ನೂ ಡೊಂಕಿನ ಮೇಲೆ ಹಾಕುವ ಮುನ್ನ ನೀರು ಪರೀಕ್ಷೆ ಮಾಡಿಸಿ. ಲೀಟರಿಗೆ 1.5 ಮಿಲಿಗ್ರಾಂ ಮೀರಿರಬಾರದು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ.

ಕಾಲಿನ ಬಲ ಕುಸಿಯುತ್ತಿದ್ದರೆ, ಚಪ್ಪಲಿ ಜಾರಿದ್ದೂ ಗೊತ್ತಾಗದಿದ್ದರೆ, ತೊಡೆಸಂದು ಮರಗಟ್ಟಿದರೆ, ಮೂತ್ರದ ಹಿಡಿತ ತಪ್ಪಿದರೆ ಮಾತ್ರ ವ್ಯಾಯಾಮ ಮಾಡುತ್ತಾ ಕಾಯಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ. ಅಲ್ಲಿ ಆಪರೇಷನ್ ಮಾತು ಬಂದರೆ ಕಿವಿಗೊಡಿ.

ನಮಸ್ಕಾರ.