ಸಹಿಯ ಕೆಳಗೆ ತಾರೀಖು ಹಾಕಿಸಿ

ಕೇಳುಗರೆಲ್ಲರಿಗೂ ನಮಸ್ಕಾರ.

ಪೂರ್ಣಚಂದ್ರ ತೇಜಸ್ವಿಯವರ ಸಹಿ ಇರುವ ಪುಸ್ತಕ ಅಂತ ಯಾರಾದರೂ ನಿಮ್ಮ ಮುಂದೆ ಹಿಡಿದರೆ, ಮೊದಲು ಸಹಿ ನೋಡಬೇಡಿ. ಎರಡು ಹಾಳೆ ಮಗುಚಿ, ಮುದ್ರಣದ ವಿವರ ಇರುವ ಪುಟ ನೋಡಿ. ತೇಜಸ್ವಿಯವರು ತೀರಿಕೊಂಡದ್ದು 2007ರ ಏಪ್ರಿಲ್‌ನಲ್ಲಿ. ಕೈಯಲ್ಲಿರುವುದು 2011ರ ಮರುಮುದ್ರಣ ಆಗಿದ್ದರೆ ಕಥೆ ಅಲ್ಲಿಗೇ ಮುಗಿಯಿತು. ಭೂತಗನ್ನಡಿಯೂ ಬೇಡ, ತಜ್ಞರೂ ಬೇಡ.

ಸಹಿ ಇರುವ ಪುಸ್ತಕ, ಚಿತ್ರ, ಕ್ರಿಕೆಟ್ ಬ್ಯಾಟು ಕೂಡಿಡುವ ಹುಚ್ಚು ಕೆಲವರಿಗೆ ಇರುತ್ತದೆ. ನನಗೂ ಇದೆ. ಅದಕ್ಕೆ ನಮ್ಮ ಹಾಸನ, ಚಿಕ್ಕಮಗಳೂರು ಹೇಳಿ ಮಾಡಿಸಿದ ಜಾಗ. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು, ಭೈರಪ್ಪನವರು ಹಾಸನ ಜಿಲ್ಲೆಯವರು. ಕುವೆಂಪು ಹುಟ್ಟಿದ್ದು ಕೊಪ್ಪ ತಾಲೂಕಿನ ಹಿರೇಕೊಡಿಗೆಯಲ್ಲಿ. ಇನ್ನೂ ಹಿಂದಕ್ಕೆ ಹೋದರೆ ಬೇಲೂರಿನ ಶಿಲ್ಪಿಗಳೇ ಕಲ್ಲಿನಲ್ಲಿ ಹೆಸರು ಕೊರೆದು ಹೋಗಿದ್ದಾರೆ. ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ. ಶಿಲ್ಪಿ ಮಲ್ಲಿತಮ್ಮನ ಹೆಸರಂತೂ ತರೀಕೆರೆ ಕಡೆಯ ಅಮೃತಾಪುರದಲ್ಲೂ ಇದೆ, ನುಗ್ಗೇಹಳ್ಳಿಯಲ್ಲೂ ಇದೆ. ಅವನ್ನು ಮನೆಗೆ ತರುವ ಹಾಗಿಲ್ಲ, ಬಿಡಿ.

ಈ ಹವ್ಯಾಸದಲ್ಲಿ ನಾನು ಪಟ್ಟು ಹಿಡಿಯುವ ವಿಷಯ ಒಂದೇ. ಸುಮ್ನೆ ಸಹಿ ಹಾಕಿಸಿಕೊಂಡು ಬರಬೇಡಿ. ತಾರೀಖು ಕೇಳಿ, ಊರು ಕೇಳಿ, ನಿಮ್ಮ ಹೆಸರನ್ನೂ ಬರೆಸಿಕೊಳ್ಳಿ. ವ್ಯಾಪಾರಿಗಳು ಇದನ್ನು ಒಪ್ಪುವುದಿಲ್ಲ. ಹೆಸರಿದ್ದರೆ ಮುಂದೆ ಮಾರುವಾಗ ಬೆಲೆ ಬರಲ್ಲ ಅನ್ನುತ್ತಾರೆ. ಎಷ್ಟೋ ಸಲ ಅದು ನಿಜವೂ ಹೌದು. ಆದರೆ ನಮ್ಮ ಹಾಸನದ ಬಾನು ಮುಷ್ತಾಕ್ ಅವರನ್ನೇ ತೆಗೆದುಕೊಳ್ಳಿ. ಅವರಿಗೆ ಅಂತರರಾಷ್ಟ್ರೀಯ ಬೂಕರ್ ಬಂದದ್ದು 2025ರ ಮೇ ತಿಂಗಳಲ್ಲಿ. ಆಮೇಲೆ ಯಾರು ಬೇಕಾದರೂ ಸಹಿಗೆ ಸಾಲಿನಲ್ಲಿ ನಿಲ್ಲುತ್ತಾರೆ. ಬೂಕರ್ ಸುದ್ದಿಯೇ ಇಲ್ಲದ ಕಾಲದಲ್ಲಿ, ಅವರ ಹಳೆಯ ಕಥಾಸಂಕಲನವೊಂದರ ಮೇಲೆ, ಆಗಿನ ತಾರೀಖು ಹಾಕಿ, 'ಹಾಸನ' ಅಂತ ಬರೆದು, ಊರಿನವರೊಬ್ಬರಿಗೆ ಪ್ರೀತಿಯಿಂದ ಕೊಟ್ಟ ಪ್ರತಿ ಸಿಕ್ಕರೆ? ನಾನಾದರೆ ಜಾಸ್ತಿ ಕೊಡುವುದು ಅದಕ್ಕೇ. ಅಂದ ಹಾಗೆ, ಆ ಪ್ರಶಸ್ತಿಯ ಹಣದಲ್ಲಿ ಲೇಖಕಿಗೂ ಅನುವಾದಕಿಗೂ ಸಮಪಾಲು. ನಿಮ್ಮ ಹತ್ತಿರ ಇರುವುದು ಇಂಗ್ಲಿಷ್ ಪುಸ್ತಕವಾದರೆ ದೀಪಾ ಭಾಸ್ತಿ ಅವರ ಸಹಿಯೂ ಜೊತೆಗಿರಲಿ.

ಇನ್ನು ಲಿಮಿಟೆಡ್ ಎಡಿಷನ್, ಅಂದರೆ ಇಷ್ಟೇ ಪ್ರತಿ ಅಂತ ಮಿತಿ ಹಾಕಿ ತರುವ ಮುದ್ರಣದ ವಿಚಾರ. ಕನ್ನಡ ಪುಸ್ತಕಗಳಲ್ಲಿ 'ಪ್ರತಿಗಳು: 1000' ಅಂತ ಒಳಗೇ ಅಚ್ಚಾಗಿರುವುದನ್ನು ನೀವು ನೋಡಿರುತ್ತೀರಿ. ನನ್ನ ಪ್ರಕಾರ ಮೊದಲ ಮುದ್ರಣದ ಅಂಥ ಪುಸ್ತಕ, ಚಿನ್ನದ ಅಕ್ಷರ ಒತ್ತಿದ ಡಬ್ಬಿಯಲ್ಲಿ ಬರುವ ವಿಶೇಷ ಆವೃತ್ತಿಗಿಂತ ಏನೂ ಕಡಿಮೆಯಲ್ಲ. ಕಲಾವಿದರ ಮುದ್ರಿತ ಚಿತ್ರಗಳದು ಬೇರೆ ಲೆಕ್ಕ. ಚಿತ್ರದ ಕೆಳಗೆ ಪೆನ್ಸಿಲ್‌ನಲ್ಲಿ 7/50 ಅಂತ ಇದ್ದರೆ, ಐವತ್ತರಲ್ಲಿ ಅದು ಏಳನೆಯದು. ಹಾಳೆಯನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಪೆನ್ಸಿಲ್ ಗೆರೆ ಸಣ್ಣಗೆ ಹೊಳೆಯುತ್ತದೆ. ಭೂತಗನ್ನಡಿಯಲ್ಲಿ ಸಹಿಯೂ ಚುಕ್ಕೆ ಚುಕ್ಕೆಯಾಗಿ ಕಂಡರೆ ಅದು ಚಿತ್ರದ ಜೊತೆಗೇ ಅಚ್ಚಾದದ್ದು.

ಪ್ರಮಾಣಪತ್ರ ಇದೆಯಲ್ಲ ಅಂತ ಧೈರ್ಯ ಮಾಡುವವರಿಗೆ 2022ರ ಒಂದು ಪ್ರಸಂಗ ಹೇಳುತ್ತೇನೆ. ಅಮೆರಿಕದ ಗಾಯಕ ಬಾಬ್ ಡಿಲನ್ ಸಹಿ ಹಾಕಿದ ಪುಸ್ತಕ ಅಂತ 900 ಪ್ರತಿಗಳನ್ನು ತಲಾ 599 ಡಾಲರ್‌ಗೆ ಮಾರಿದರು. ಸಹಿ ಅಸಲಿ ಅಂತ ಪ್ರಕಾಶಕರ ಪತ್ರವೂ ಒಳಗಿತ್ತು. ಕೊಂಡವರು ತಮ್ಮ ತಮ್ಮ ಪ್ರತಿಗಳ ಫೋಟೋ ಹೋಲಿಸಿ ನೋಡಿದರು. ಮನುಷ್ಯ ಹಾಕಿದ ಎರಡು ಸಹಿ ಒಂದರ ಮೇಲೊಂದು ಇಟ್ಟರೆ ಗೆರೆಗೆ ಗೆರೆ ಕೂಡುವುದಿಲ್ಲ, ಅಲ್ವಾ? ಇಲ್ಲಿ ಕೂಡುತ್ತಿತ್ತು. ಹಾಕಿದ್ದು ಆಟೋಪೆನ್ ಅನ್ನುವ ಯಂತ್ರ. ಪ್ರಕಾಶಕರು ದುಡ್ಡು ವಾಪಸ್ ಕೊಟ್ಟರು, ಡಿಲನ್ ಕೂಡ ಒಪ್ಪಿಕೊಂಡರು.

ಅಸಲಿಯೇ ಸಿಕ್ಕಿತು ಅನ್ನಿ. ಅದನ್ನು ನಮ್ಮ ಮಳೆಗಾಲದಿಂದ ಉಳಿಸಿಕೊಳ್ಳಬೇಕಲ್ಲ! ಸಕಲೇಶಪುರ, ಮೂಡಿಗೆರೆ ಕಡೆ ಜುಲೈನಲ್ಲಿ ಚಪ್ಪಲಿಗೂ ಬೂಷ್ಟು ಬರುತ್ತದೆ, ಪುಸ್ತಕವನ್ನು ಬಿಡುತ್ತದೆಯೇ? ಹೊರಗೋಡೆಗೆ ಒತ್ತಿ ಕಪಾಟು ಇಡಬೇಡಿ. ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಆಗಾಗ ಬದಲಿಸಿ. ಲ್ಯಾಮಿನೇಷನ್ ಮಾತ್ರ ಖಂಡಿತ ಬೇಡ. ಬಿಸಿಗೆ ಕೂತ ಆ ಪ್ಲಾಸ್ಟಿಕ್ ಮತ್ತೆ ಬಿಡಿಸಲು ಬರುವುದಿಲ್ಲ. ಬಾಲ್‌ಪೆನ್ ಸಹಿಯನ್ನು ಬಿಸಿಲು ಬೀಳುವ ಗೋಡೆಗೆ ತೂಗುಹಾಕಿದರೆ ವರ್ಷ ಕಳೆದಂತೆ ಮಂಕಾಗುತ್ತದೆ.

ಫೋಟೋಗೆ ಫ್ರೇಮ್ ಹಾಕಿಸುವಾಗ ಇನ್ನೊಂದು ಗಮನ. ಫೋಟೋ ನೇರ ಗಾಜಿಗೆ ತಾಗಿದ್ದರೆ ತೇವಕ್ಕೆ ಅಂಟಿಕೊಳ್ಳುತ್ತದೆ. ಬಿಡಿಸಲು ಹೋದರೆ ಸಹಿಯೂ ಗಾಜಿನ ಜೊತೆಗೇ ಕಿತ್ತು ಬರುತ್ತದೆ. ಸುತ್ತ ದಪ್ಪ ರಟ್ಟಿನ ಅಂಚು ಹಾಕಿ, ಗಾಜಿಗೂ ಫೋಟೋಗೂ ನಡುವೆ ಸ್ವಲ್ಪ ಜಾಗ ಬಿಡಿಸಿ. "ಅದಕ್ಕೆ ಜಾಸ್ತಿ ಆಗುತ್ತೆ ಸಾರ್" ಅನ್ನುತ್ತಾರೆ ಫ್ರೇಮ್ ಅಂಗಡಿಯವರು. ಕೊಟ್ಟುಬಿಡಿ.

ನಮಸ್ಕಾರ.